ಕೇಳುವುದು ಮತ್ತು ಆಲಿಸುವುದು: ಶರಾವತಿಯ ಮುಳುಗಡೆ ಸಾಹಿತ್ಯವನ್ನು ಕುರಿತು

೧

ಕನ್ನಡದ ‘ಕೇಳು’ ಎಂಬ ಧಾತುವಿಗೆ ಎರಡು ಅರ್ಥಗಳಿವೆ. ಪ್ರಶ್ನಿಸುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಹಳಗನ್ನಡದಿಂದ ಇಂದಿನ ಆಡುಮಾತಿನವರೆಗೆ ಈ ಎರಡು ಅರ್ಥಗಳು ಒಂದೇ ಪದದ ಆಶ್ರಯದಲ್ಲಿ ಬಾಳಿಕೊಂಡು ಬಂದಿವೆ. ಊರಿನವರನ್ನು ಕೇಳಿ ಈ ಕೆಲಸ ಮಾಡಿದೆವು ಎಂದು ಯಾರಾದರೂ ಹೇಳಿದರೆ, ಅವರ ಮುಂದೆ ಪ್ರಶ್ನೆಯನ್ನಿಟ್ಟೆವು, ಅವರ ಉತ್ತರಕ್ಕೆ ಕಿವಿಗೊಟ್ಟೆವು, ಆ ಉತ್ತರಕ್ಕೆ ತಕ್ಕಂತೆ ನಡೆದುಕೊಂಡೆವು ಎಂಬ ಮೂರು ಕ್ರಿಯೆಗಳೂ ಆ ಒಂದು ಮಾತಿನಲ್ಲಿ ಅಡಕವಾಗಿರುತ್ತವೆ. ಆದರೆ ಆಡಳಿತದ ಕನ್ನಡ ಈ ಕೂಡುಪದವನ್ನು ಬಳಸುವುದಿಲ್ಲ. ವಿದ್ಯುತ್ ಯೋಜನೆಯೊಂದಕ್ಕೆ ಪರಿಸರ ಅನುಮತಿ ಪಡೆಯುವ ಮುನ್ನ ನಡೆಯಬೇಕಾದ ಸಭೆಗೆ ಅದು ಕೊಟ್ಟಿರುವ ಹೆಸರು ‘ಸಾರ್ವಜನಿಕ ಅಹವಾಲು ಆಲಿಕೆ’. ಈ ಹೆಸರಿನಲ್ಲಿ ಕಿವಿಯಿದೆ, ಪ್ರಶ್ನೆಯಿಲ್ಲ. ಜನರು ತಮ್ಮ ಸ್ಥಿತಿಗತಿಯನ್ನು ಒಪ್ಪಿಸಿಕೊಳ್ಳುತ್ತಾರೆ, ಅಧಿಕಾರಿಗಳು ಆಲಿಸುತ್ತಾರೆ. ‘ಅಹವಾಲು’ ಎಂಬುದು ಅರಬ್ಬಿ ಮೂಲದಿಂದ ಪಾರಸಿಯ ಮೂಲಕ ಬಂದ ಪದ. ನೆರೆಯ ಮರಾಠಿಯಲ್ಲಿ ಇದೇ ಪದಕ್ಕೆ ವರದಿ ಎಂಬ ಅರ್ಥ ನಿಂತಿದೆ. ಕನ್ನಡದಲ್ಲಿ ಅದು ಬೇಡಿಕೊಳ್ಳುವವನ ಮೊರೆಯಾಗಿದೆ. ಒಂದೇ ಪದ ಒಂದು ಭಾಷೆಯಲ್ಲಿ ಕಚೇರಿಯವನ ಕೈಯಲ್ಲಿಯೂ ಇನ್ನೊಂದು ಭಾಷೆಯಲ್ಲಿ ಕಚೇರಿಯ ಬಾಗಿಲಲ್ಲಿ ನಿಂತವನ ಬಾಯಲ್ಲಿಯೂ ಇರುವುದನ್ನು ಹೊರನಾಡಿನ ಸಂಶೋಧಕರು ವಿಶೇಷವಾಗಿ ಗಮನಿಸಬಹುದು.

೨೦೨೫ರ ಸೆಪ್ಟೆಂಬರ್ ತಿಂಗಳಲ್ಲಿ ಶರಾವತಿ ಕಣಿವೆಯಲ್ಲಿ ಇಂಥ ಎರಡು ಸಭೆಗಳು ನಡೆದವು. ಒಂದು ಶಿವಮೊಗ್ಗ ಜಿಲ್ಲೆಯ ಕಾರ್ಗಲ್ಲಿನಲ್ಲಿ, ಇನ್ನೊಂದು ಉತ್ತರ ಕನ್ನಡ ಜಿಲ್ಲೆಯ ಗೇರುಸೊಪ್ಪೆಯ ಸೀಮೆಯಲ್ಲಿ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಕೆಳಗಿಳಿಸಿ ೨,೦೦೦ ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸುವ ಭೂಗತ ಯೋಜನೆ ಅಲ್ಲಿಯ ವಿಷಯವಾಗಿತ್ತು. ಎರಡೂ ಕಡೆ ವ್ಯಾಪಕವಾದ ವಿರೋಧ ವ್ಯಕ್ತವಾಯಿತು. ಅರವತ್ತು ವರ್ಷಗಳ ಹಿಂದೆ ಇದೇ ಕಣಿವೆ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮುಳುಗಿದಾಗ ಇಂಥ ಒಂದು ಸಭೆಯೂ ಇರಲಿಲ್ಲ. ಹಾಗಾದರೆ ಅಂದಿನಿಂದ ಇಂದಿಗೆ ಆದ ಬದಲಾವಣೆ ಎಷ್ಟು, ಯಾವ ಬಗೆಯದು? ಈ ಪ್ರಶ್ನೆಗೆ ಕಾನೂನಿನ ಚರಿತ್ರೆಯಲ್ಲಿ ಒಂದು ಉತ್ತರ ದೊರೆಯುತ್ತದೆ. ಸಾಹಿತ್ಯದಲ್ಲಿ ಮತ್ತೊಂದು ಉತ್ತರವಿದೆ. ಅದನ್ನು ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ.

ಮುಳುಗಡೆಯನ್ನು ಕುರಿತ ಕನ್ನಡ ಕೃತಿಗಳನ್ನು ನಾವು ಬಹುಮಟ್ಟಿಗೆ ಕಳೆದುಕೊಂಡದ್ದರ ಶೋಕಗೀತೆಗಳಾಗಿ ಓದುತ್ತ ಬಂದಿದ್ದೇವೆ. ಮನೆ, ತೋಟ, ದೇವಸ್ಥಾನ, ನೆನಪು ಇವುಗಳ ನಾಶ ಅಲ್ಲಿಯ ವಸ್ತುವೆಂದು ಭಾವಿಸಿದ್ದೇವೆ. ಆ ಓದು ಸುಳ್ಳಲ್ಲ, ಆದರೆ ಅಪೂರ್ಣ. ಆ ಕೃತಿಗಳ ಆಳದಲ್ಲಿರುವುದು ನಷ್ಟದ ಪ್ರಶ್ನೆಗಿಂತ ಮೊದಲಿನ ಇನ್ನೊಂದು ಪ್ರಶ್ನೆ. ಯಾರನ್ನು ಕೇಳಲಾಯಿತು, ಯಾವಾಗ ಕೇಳಲಾಯಿತು, ಉತ್ತರದಿಂದ ಏನಾದರೂ ಬದಲಾಗುವ ಅವಕಾಶವಿತ್ತೆ ಎಂಬುದು ಆ ಪ್ರಶ್ನೆ. ಕರುಣೆಯ ಓದು ನೊಂದವರನ್ನು ಸಂತ್ರಸ್ತರನ್ನಾಗಿ ಮಾತ್ರ ಕಾಣುತ್ತದೆ; ನಾವು ಸೂಚಿಸುವ ಓದು ಅವರನ್ನು ಉತ್ತರ ಕೊಡಬಲ್ಲವರನ್ನಾಗಿ ಕಾಣುತ್ತದೆ.

೨

ಈ ಪ್ರಶ್ನೆ ಆಧುನಿಕ ಕಾಲದ್ದು ಮಾತ್ರವೆಂದು ತಿಳಿಯಬೇಕಾಗಿಲ್ಲ. ಕರ್ನಾಟಕದ ಮಧ್ಯಕಾಲೀನ ಶಾಸನಗಳಲ್ಲಿ ಭೂಮಿಯ ಹಸ್ತಾಂತರ ಒಂದು ಸಾರ್ವಜನಿಕ ಕ್ರಿಯೆ. ದತ್ತಿ ಕೊಟ್ಟವನು, ಪಡೆದವನು, ನಾಲ್ಕು ದಿಕ್ಕಿನ ಎಲ್ಲೆಗಳು, ಎಲ್ಲೆಯ ಗುರುತಾದ ಕಲ್ಲು, ಮರ, ಕೆರೆಗಳು, ಸಾಕ್ಷಿಗಳು ಇವೆಲ್ಲ ಕಲ್ಲಿನ ಮೇಲೆ ಬರುತ್ತವೆ. ಅಗ್ರಹಾರದ ಮಹಾಜನಂಗಳು, ಊರಿನ ಸಮಸ್ತ ಪ್ರಜೆಗಾವುಂಡುಗಳು ಸಮ್ಮುಖದಲ್ಲಿದ್ದರೆಂದು ಹೇಳುವ ವಾಡಿಕೆಯಿದೆ. ಕೆರೆಯನ್ನು ಕಟ್ಟಿಸಿದವನಿಗೆ, ಅದನ್ನು ಕಾಪಾಡುವವನಿಗೆ ಕಟ್ಟುಕೊಡಗೆಯ ಭೂಮಿ, ದಶವಂದದ ಹಕ್ಕು ದೊರೆಯುತ್ತಿದ್ದವು. ಅಂದರೆ ನೀರನ್ನು ಕಟ್ಟುವ ಕಾರ್ಯ ಹಕ್ಕು ಮತ್ತು ಹೊಣೆಗಳ ಒಂದು ಒಪ್ಪಂದವಾಗಿತ್ತು. ಆ ಒಪ್ಪಂದಕ್ಕೆ ಊರೇ ಸಾಕ್ಷಿ.

ಇಲ್ಲಿ ಒಂದು ಪದದ ಚರಿತ್ರೆ ಕುತೂಹಲಕರವಾಗಿದೆ. ದತ್ತಿಶಾಸನಗಳಲ್ಲಿ ಪದೇ ಪದೇ ಬರುವ ‘ಸರ್ವಬಾಧಾಪರಿಹಾರ’ ಎಂಬ ಪಾರಿಭಾಷಿಕ ಪದದ ಅರ್ಥ, ಕೊಟ್ಟ ಭೂಮಿಯು ತೆರಿಗೆಯೇ ಮೊದಲಾದ ಎಲ್ಲ ಬಾಧೆಗಳಿಂದ ಮುಕ್ತವಾದುದು ಎಂಬುದು. ಭೂಮಿಯನ್ನು ಪಡೆದವನಿಗೆ ಅದು ಅಭಯ. ಇಪ್ಪತ್ತನೆಯ ಶತಮಾನದ ಕಂದಾಯ ಕಚೇರಿಯಲ್ಲಿ ಅದೇ ‘ಪರಿಹಾರ’ ಭೂಮಿಯನ್ನು ಕಳೆದುಕೊಂಡವನಿಗೆ ಕೊಡುವ ಹಣವಾಯಿತು. ಮೊದಲನೆಯದರಲ್ಲಿ ಬಾಧೆ ನಿವಾರಣೆಯಾಗುತ್ತಿತ್ತು. ಎರಡನೆಯದರಲ್ಲಿ ಬಾಧೆ ಮೊದಲೇ ಸಂಭವಿಸಿರುತ್ತದೆ, ಪರಿಹಾರ ಅದರ ಬೆನ್ನಹಿಂದೆ ಬರುತ್ತದೆ. ಮುಳುಗಡೆಯ ಕಥನಗಳಲ್ಲಿ ಪರಿಹಾರ ಎಂಬ ಪದ ಬಂದಲ್ಲೆಲ್ಲ ಈ ತಲೆಕೆಳಗಾದ ಅರ್ಥದ ವ್ಯಂಗ್ಯ ಕೇಳಿಸುತ್ತದೆ.

ಆದರೆ ಗತಕಾಲವನ್ನು ಆದರ್ಶೀಕರಿಸುವ ಅಪಾಯದಿಂದ ನಾವು ದೂರವಿರಬೇಕು. ಸಮಸ್ತ ಪ್ರಜೆ ಎಂಬ ಮಾತಿನಲ್ಲಿ ಸಮಸ್ತರೂ ಇರಲಿಲ್ಲ. ಭೂಮಿಯನ್ನು ಹೊಂದಿದವರು, ಊರಿನ ಯಜಮಾನಿಕೆಯುಳ್ಳವರು ಅಲ್ಲಿದ್ದರು. ಗೆಯ್ಮೆ ಮಾಡುವವರ, ಹೆಂಗಸರ, ಊರ ಹೊರಗಿನ ಕೇರಿಯವರ ಸಮ್ಮತಿ ಯಾರಿಗೂ ಬೇಕಾಗಿರಲಿಲ್ಲ. ಇಂದಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳದ ೧೩೬೯ರ ಶಾಸನ ವಿಜಯನಗರದ ರಾಜಪುತ್ರ ಭಾಸ್ಕರನು ಕಟ್ಟಿಸಿದ ಕೆರೆಯನ್ನು ವರ್ಣಿಸುತ್ತ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಪಟ್ಟಿಮಾಡುತ್ತದೆ. ಧರ್ಮಿಷ್ಠನಾದ ರಾಜ, ಜಲಶಾಸ್ತ್ರವನ್ನು ಬಲ್ಲವನು, ಗಟ್ಟಿಯಾದ ನೆಲ, ಸಿಹಿನೀರಿನ ಹೊಳೆ, ಕಲ್ಲಿನ ಗಣಿ, ನುರಿತ ಕೆಲಸಗಾರರು ಇವರೆಲ್ಲ ಆ ಪಟ್ಟಿಯಲ್ಲಿದ್ದಾರೆ. ತಂತ್ರಜ್ಞಾನದ ದೃಷ್ಟಿಯಿಂದ ಅದು ಅಪೂರ್ವ ದಾಖಲೆ. ಆದರೆ ನೀರು ನಿಲ್ಲುವ ಜಾಗದಲ್ಲಿ ಮೊದಲು ವಾಸವಾಗಿದ್ದವರ ಒಪ್ಪಿಗೆ ಹದಿಮೂರನೆಯ ಅಂಗವಾಗಿ ಸೇರಲಿಲ್ಲ. ಆ ಕೊರತೆಯನ್ನು ಶಾಸನ ತುಂಬಲಿಲ್ಲ; ತುಂಬಿದ್ದು ಹಾಡು.

೩

‘ಕೆರೆಗೆ ಹಾರ’ ಉತ್ತರ ಕರ್ನಾಟಕದ ಪ್ರಸಿದ್ಧ ಜನಪದ ಕಥನಗೀತೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬರುವುದಿಲ್ಲ. ಶಾಸ್ತ್ರ ಕೇಳಿದಾಗ ಸೊಸೆಯೊಬ್ಬಳನ್ನು ಬಲಿ ಕೊಡಬೇಕೆಂಬ ಉತ್ತರ ಬರುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲದಂತಾಗುತ್ತದೆ. ಆದ್ದರಿಂದ ಕಿರಿಯ ಸೊಸೆ ಭಾಗೀರಥಿ ಗೊತ್ತಾಗುತ್ತಾಳೆ. ಈ ಗೀತೆಯನ್ನು ತ್ಯಾಗದ ಕಥೆಯೆಂದು, ಸ್ತ್ರೀಯ ಮೇಲಿನ ಹಿಂಸೆಯ ಕಥೆಯೆಂದು ವಿವರಿಸಿದವರಿದ್ದಾರೆ. ನಾವು ಇದನ್ನು ಸಮಾಲೋಚನೆಯ ಕಥೆಯಾಗಿ ಓದಲು ಬಯಸುತ್ತೇವೆ. ಏಕೆಂದರೆ ಇಲ್ಲಿ ಎಲ್ಲರನ್ನೂ ಕೇಳಲಾಗುತ್ತದೆ, ಒಬ್ಬಳನ್ನು ಬಿಟ್ಟು. ಗೌಡ ಶಾಸ್ತ್ರವನ್ನು ಕೇಳುತ್ತಾನೆ. ಅತ್ತೆ ಮಾವಂದಿರು ತಮ್ಮತಮ್ಮಲ್ಲಿ ಲಾಭನಷ್ಟಗಳನ್ನು ತೂಗಿನೋಡುತ್ತಾರೆ. ಹಿರಿಸೊಸೆ ಮತ್ತು ಕಿರಿಸೊಸೆಯರ ನಡುವಣ ಆ ಆಯ್ಕೆ ಇಂದಿನ ಯೋಜನಾ ವರದಿಗಳ ಪರ್ಯಾಯ ಸ್ಥಳಗಳ ಪರಿಶೀಲನೆಯನ್ನು ನೆನಪಿಸುತ್ತದೆ. ಯಾವ ನಷ್ಟ ಕಡಿಮೆ ಎಂಬ ಲೆಕ್ಕ ಅಲ್ಲಿದೆ. ನಷ್ಟವಾಗುವವರ ಮಾತು ಆ ಲೆಕ್ಕದೊಳಗೆ ಬರುವುದಿಲ್ಲ.

ಭಾಗೀರಥಿಗೆ ಸುದ್ದಿ ತಿಳಿಯುತ್ತದೆ, ಆದರೆ ಪ್ರಶ್ನೆಯ ರೂಪದಲ್ಲಲ್ಲ. ಅವಳು ತವರಿಗೆ ಹೋಗುತ್ತಾಳೆ. ಬಾಡಿದ ಮುಖಕ್ಕೆ ಕಾರಣವೇನೆಂದು ತಂದೆತಾಯಿ ಕೇಳಿದಾಗ, ಅತ್ತೆಮನೆಯವರು ತಮ್ಮನ್ನು ಬೇರೆ ಇಡುತ್ತಾರಂತೆ ಎಂಬ ನೆವ ಹೇಳುತ್ತಾಳೆ. ನಿಜವನ್ನು ಹೇಳುವುದು ಗೆಳತಿಯ ಮುಂದೆ ಮಾತ್ರ. ಆ ಗೆಳತಿಯೂ ಇಟ್ಟಂತೆ ಇರಬೇಕೆಂಬ ಬುದ್ಧಿಮಾತನ್ನೇ ಹೇಳುತ್ತಾಳೆ. ಇದು ಬಹಳ ಸೂಕ್ಷ್ಮವಾದ ಸ್ಥಳ. ಆಲಿಸುವ ಕಿವಿ ಇಲ್ಲಿದೆ, ಅದು ಪ್ರೀತಿಯ ಕಿವಿಯೂ ಹೌದು. ಆದರೆ ಆ ಆಲಿಕೆಯಿಂದ ಏನೂ ಬದಲಾಗುವುದಿಲ್ಲ. ಕೊನೆಗೆ ಪೂಜೆಯ ನೆವದಲ್ಲಿ ಕೆರೆಯಂಗಳಕ್ಕೆ ಹೋಗಿ, ಮರೆತು ಬಂದ ಬಂಗಾರದ ಪಾತ್ರೆಯನ್ನು ತರಲು ಅವಳು ಒಬ್ಬಳೇ ಹಿಂದಿರುಗಬೇಕಾಗುತ್ತದೆ. ಅವಳು ಒಂದೊಂದು ಮೆಟ್ಟಿಲು ಏರಿದಂತೆ ನೀರೂ ಏರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಬಂದಾಗ ಮನೆಯವರು ಅವನಿಗೂ ಸುಳ್ಳು ಹೇಳುತ್ತಾರೆ. ಸತ್ಯ ತಿಳಿದ ಮೇಲೆ ಅವನು ಅದೇ ಕೆರೆಗೆ ಹಾರುತ್ತಾನೆ. ಕೆರೆ ತುಂಬಿದ್ದು ನಿಜ. ಆದರೆ ಕೆರೆಯನ್ನು ಕಟ್ಟಿಸಿದ ಮನೆಯೇ ಅದರಲ್ಲಿ ಮುಳುಗುತ್ತದೆ. ಗೀತೆ ಎಲ್ಲಿಯೂ ಕೆರೆಯನ್ನು ಬೇಡವೆನ್ನುವುದಿಲ್ಲ. ಬಯಲುಸೀಮೆಯ ಜನಕ್ಕೆ ನೀರಿನ ಬೆಲೆ ಗೊತ್ತು. ಕೇಳದೆ ಪಡೆದ ನೀರಿನ ಬೆಲೆ ಎಷ್ಟೆಂಬುದನ್ನು ಮಾತ್ರ ಅದು ಹೇಳುತ್ತದೆ. ಈ ಸಂಯಮದಿಂದಲೇ ‘ಕೆರೆಗೆ ಹಾರ’ವು ನಮ್ಮ ಮುಳುಗಡೆ ಸಾಹಿತ್ಯದ ಮೊದಲ ಕೃತಿಯಾಗಿದೆ ಎಂದು ನಾವು ಭಾವಿಸುತ್ತೇವೆ.

೪

ಜನಪದದಲ್ಲಿ ಕೆರೆಯ ಸುತ್ತ ಬೆಳೆದ ಈ ಪ್ರಶ್ನೆ ಮಾರ್ಗಕಾವ್ಯದಲ್ಲಿ ಕಾಡಿನ ಸುತ್ತ ಕಾಣಿಸಿಕೊಳ್ಳುತ್ತದೆ. ಹತ್ತನೆಯ ಶತಮಾನದ ಪಂಪನಲ್ಲಿಯೂ ಅನಂತರದ ಕುಮಾರವ್ಯಾಸನಲ್ಲಿಯೂ ಬರುವ ಖಾಂಡವದಹನ ಇದಕ್ಕೆ ನಿದರ್ಶನ. ಹಸಿದ ಅಗ್ನಿ ಬ್ರಾಹ್ಮಣನ ವೇಷದಲ್ಲಿ ಬಂದು ಕಾಡನ್ನು ಬೇಡುತ್ತಾನೆ, ಕೃಷ್ಣಾರ್ಜುನರು ಒಪ್ಪುತ್ತಾರೆ, ಅರ್ಜುನನಿಗೆ ಗಾಂಡೀವವೂ ರಥವೂ ದೊರೆಯುತ್ತವೆ. ಬೇಡುವವನು, ಕೊಡುವವನು, ಪ್ರತಿಫಲ ಎಲ್ಲವೂ ಕ್ರಮಬದ್ಧವಾಗಿವೆ. ಆದರೆ ಕಾಡಿನಲ್ಲಿ ವಾಸವಾಗಿದ್ದವರು ಈ ಒಪ್ಪಂದದಲ್ಲಿ ಪಕ್ಷಗಾರರಲ್ಲ. ತಪ್ಪಿಸಿಕೊಂಡ ಕೆಲವರಲ್ಲಿ ಮಯನು ಕೃತಜ್ಞತೆಯಿಂದ ಸಭಾಭವನವನ್ನು ಕಟ್ಟಿಕೊಡುತ್ತಾನೆ. ಸುಟ್ಟ ನೆಲದಿಂದ ಬಂದವನು ಕಟ್ಟಿದ ಆ ಭವನದಲ್ಲಿಯೇ ದುರ್ಯೋಧನನ ಅವಮಾನ, ಅದರ ಮುಂದಿನ ಜೂಜಿನ ಬೀಜ ಇವೆ. ಇನ್ನೊಬ್ಬನಾದ ಅಶ್ವಸೇನ ತಾಯಿಯನ್ನು ಕಳೆದುಕೊಂಡ ಸರ್ಪ. ಅವನು ಕರ್ಣನ ಬಾಣವಾಗಿ ಕುರುಕ್ಷೇತ್ರದಲ್ಲಿ ಅರ್ಜುನನನ್ನು ಎದುರಿಸುತ್ತಾನೆ. ಕೇಳದೆ ಉಳಿದವರ ಮಾತು ಎಲ್ಲಿಯೋ ಕರಗಿಹೋಗುವುದಿಲ್ಲ, ಅದು ಶತ್ರುವಿನ ಬತ್ತಳಿಕೆಯಲ್ಲಿ ಸೇರಿಕೊಳ್ಳುತ್ತದೆ ಎಂಬ ತಿಳಿವು ಈ ಕಥಾಸರಣಿಯಲ್ಲಿದೆ.

ಈ ಪ್ರಸಂಗವನ್ನು ಆಧುನಿಕ ಕಾಲದಲ್ಲಿ ನಿಷ್ಠುರವಾಗಿ ಓದಿದವರು ಮರಾಠಿಯ ಇರಾವತಿ ಕರ್ವೆ. ೧೯೬೮ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಯುಗಾಂತ’ದಲ್ಲಿ ಖಾಂಡವದ ದಹನ ನೆಲವನ್ನು ವಶಪಡಿಸಿಕೊಳ್ಳುವ ನಿರ್ದಯ ಕಾರ್ಯವಾಗಿ ಕಾಣಿಸುತ್ತದೆ. ಅದೇ ಕರ್ವೆಯವರು ಜೈ ನಿಂಬಕರ್ ಅವರೊಂದಿಗೆ ಸಿದ್ಧಪಡಿಸಿದ, ಕೊಯ್ನಾ ಅಣೆಕಟ್ಟಿನಿಂದ ಸ್ಥಳಾಂತರಗೊಂಡವರ ಸಮೀಕ್ಷೆಯನ್ನು ಪುಣೆಯ ಡೆಕ್ಕನ್ ಕಾಲೇಜು ೧೯೬೯ರಲ್ಲಿ ಪ್ರಕಟಿಸಿತು. ಪುರಾಣದ ಕಾಡನ್ನೂ ವರ್ತಮಾನದ ಜಲಾಶಯವನ್ನೂ ಒಬ್ಬರೇ ವಿದ್ವಾಂಸರು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಪರಿಶೀಲಿಸಿದ್ದು ಗಮನಾರ್ಹ. ಮಹಾರಾಷ್ಟ್ರದಲ್ಲಿ ಈ ಬಗೆಯ ಎಚ್ಚರಕ್ಕೆ ಹಿನ್ನೆಲೆಯೂ ಇತ್ತು. ಮುಂಬಯಿಗೆ ವಿದ್ಯುತ್ತು ಒದಗಿಸಲೆಂದು ಟಾಟಾ ಕಂಪನಿ ಕಟ್ಟುತ್ತಿದ್ದ ಮುಳಶಿ ಅಣೆಕಟ್ಟಿನ ವಿರುದ್ಧ ೧೯೨೧ರಲ್ಲಿಯೇ ಪಾಂಡುರಂಗ ಮಹಾದೇವ ಬಾಪಟರ ನೇತೃತ್ವದಲ್ಲಿ ಸತ್ಯಾಗ್ರಹ ನಡೆದಿತ್ತು. ಅವರಿಗೆ ಸೇನಾಪತಿ ಎಂಬ ಬಿರುದು ಬಂದುದು ಆ ಹೋರಾಟದಿಂದ. ಕೊಯ್ನಾ ಅಣೆಕಟ್ಟು ಪೂರ್ಣಗೊಂಡ ೧೯೬೪ರಲ್ಲಿಯೇ ಶರಾವತಿಯ ಲಿಂಗನಮಕ್ಕಿಯೂ ಪೂರ್ಣಗೊಂಡಿತು. ಅಲ್ಲಿ ಸಮಾಜಶಾಸ್ತ್ರಜ್ಞೆಯೊಬ್ಬರು ಪ್ರಶ್ನಾವಳಿ ಹಿಡಿದು ಮಾಡಿದ ಕೆಲಸದ ದೊಡ್ಡ ಭಾಗ ಕನ್ನಡದಲ್ಲಿ ಒಬ್ಬ ಕಾದಂಬರಿಕಾರನ ಪಾಲಿಗೆ ಬಂದಿತು.

೫

ನಾ. ಡಿಸೋಜ (೧೯೩೭–೨೦೨೫) ಸಾಗರದವರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಕಚೇರಿಯಲ್ಲಿ ದುಡಿದವರು. ೨೦೧೪ರಲ್ಲಿ ಮಡಿಕೇರಿಯಲ್ಲಿ ನಡೆದ ೮೦ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ‘ಮುಳುಗಡೆ’, ‘ದ್ವೀಪ’, ‘ಒಡ್ಡು’ ಕಾದಂಬರಿಗಳ ಜೊತೆಗೆ, ೨೦೧೧ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ‘ಮುಳುಗಡೆಯ ಊರಿಗೆ ಬಂದವರು’ ಕೃತಿಯ ಹೆಸರಿನಲ್ಲಿಯೂ ಈ ವಸ್ತುವಿದೆ. ಅವರ ಸ್ಥಾನ ವಿಶಿಷ್ಟವಾದುದು. ಅಣೆಕಟ್ಟನ್ನು ಕಟ್ಟುವ ಕಚೇರಿಯ ಒಳಗಿದ್ದುಕೊಂಡೇ ಅವರು ಮುಳುಗುವವರ ಕಥೆಯನ್ನು ಬರೆದರು. ಕಡತದ ಭಾಷೆ ಅವರಿಗೆ ಒಳಗಿನಿಂದ ಗೊತ್ತು. ಒಂದು ಊರು ಹೇಗೆ ಸರ್ವೆ ನಂಬರುಗಳಾಗಿ, ಮರಗಳ ಎಣಿಕೆಯಾಗಿ, ಮೊಬಲಗಾಗಿ ರೂಪಾಂತರ ಹೊಂದುತ್ತದೆ ಎಂಬುದನ್ನು ಅವರು ಬಲ್ಲರು.

ಆ ಕಣಿವೆಯ ಸಾಮಾಜಿಕ ಚಿತ್ರವನ್ನು ಇಲ್ಲಿ ಸಂಗ್ರಹವಾಗಿ ಹೇಳುವುದು ಅಗತ್ಯ. ಜೋಗದ ಬಳಿ ೧೯೪೮ರಲ್ಲಿ ಮೊದಲ ವಿದ್ಯುದಾಗಾರ ಆರಂಭವಾಯಿತು. ಅದಕ್ಕೆ ನೀರೊದಗಿಸಿದ ಹಿರೇಭಾಸ್ಕರ ಅಣೆಕಟ್ಟು ಮುಂದೆ ಲಿಂಗನಮಕ್ಕಿಯ ಹಿನ್ನೀರಿನಲ್ಲಿಯೇ ಮುಳುಗಿತು. ಲಿಂಗನಮಕ್ಕಿಯ ನೀರನ್ನು ನಂಬಿದ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ ೧,೦೩೫ ಮೆಗಾವಾಟ್; ದೀರ್ಘಕಾಲ ರಾಜ್ಯದ ಬೆಳಕಿನ ಬಹುಪಾಲು ಅಲ್ಲಿಂದ ಬಂದಿತು. ಆ ಬೆಳಕಿನ ಸಂಭ್ರಮಕ್ಕೆ ನಿಸಾರ್ ಅಹಮದರ ‘ನಿತ್ಯೋತ್ಸವ’ ಕವಿವಾಣಿಯಾಯಿತು. ಅದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿದಾರರು ಭೂಮಾಲಿಕರ ಅಳತೆಯ ಕೊಳಗವನ್ನು ಪ್ರಶ್ನಿಸಿ ಸತ್ಯಾಗ್ರಹ ಹೂಡಿದ್ದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಬಹುಪಾಲು ದೀವರಾಗಿದ್ದ ಆ ಗೇಣಿದಾರರು ಪ್ರಶ್ನೆ ಕೇಳಲು ಕಲಿತ ಹದಿಮೂರು ವರ್ಷಗಳಲ್ಲಿ ನೀರು ಏರಿತು. ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದ ಭೂಸುಧಾರಣೆ ೧೯೭೪ರ ತಿದ್ದುಪಡಿಯಿಂದ ಬಂದುದು, ಅಂದರೆ ಮುಳುಗಡೆಯ ಹತ್ತು ವರ್ಷಗಳ ಅನಂತರ. ಪರಿಹಾರದ ಕಡತ ಖಾತೆಯಲ್ಲಿ ಹೆಸರಿದ್ದವನನ್ನು ಗುರುತಿಸುತ್ತದೆ. ನೇಗಿಲು ಹಿಡಿದವನನ್ನು ಹಾಗೆ ಗುರುತಿಸುವುದಿಲ್ಲ. ಹೀಗೆ ಶಾಸನಗಳ ಪ್ರಜೆಗಾವುಂಡುಗಳ ಪಟ್ಟಿ ಖಾತೆದಾರರ ಪಟ್ಟಿಯಾಗಿ ಮುಂದುವರಿಯಿತು.

‘ದ್ವೀಪ’ದ ಗಣಪಯ್ಯ ಸಣ್ಣ ಅಡಕೆ ತೋಟದ ಒಡೆಯ. ಹೆಂಡತಿ ನಾಗವೇಣಿಯೊಂದಿಗೆ ಅವನು, ಊರವರು ಹೊರಟುಹೋದ ಮೇಲೂ ಉಳಿಯುತ್ತಾನೆ. ಮಳೆಗಾಲದ ನೀರು ಸುತ್ತಲೂ ಏರಿ ಮನೆಯಿರುವ ನೆಲ ದ್ವೀಪವಾಗುತ್ತದೆ. ಈ ಕಾದಂಬರಿಯ ಶಕ್ತಿ ಇರುವುದು ಕಾಯುವಿಕೆಯ ಚಿತ್ರಣದಲ್ಲಿ. ಕಚೇರಿಯ ಮಾತಿಗಾಗಿ, ಕಾಗದಕ್ಕಾಗಿ, ಮಳೆ ನಿಲ್ಲುವುದಕ್ಕಾಗಿ ಕಾಯುವುದೇ ಜನರಿಗೆ ಉಳಿದ ಏಕೈಕ ಪಾತ್ರ. ಪ್ರಶ್ನೆ ಕೇಳಿಸಿಕೊಳ್ಳದವನಿಗೆ ಉತ್ತರಿಸುವ ಅವಕಾಶವಿಲ್ಲ, ಕಾಯುವ ಅವಕಾಶ ಮಾತ್ರ ಇದೆ ಎಂಬುದನ್ನು ಡಿಸೋಜ ಘೋಷಣೆಯಿಲ್ಲದೆ ಕಾಣಿಸಿದ್ದಾರೆ. ಸುಶೀಲಾ ಪುನೀತ ಅವರ ಇಂಗ್ಲಿಷ್ ಅನುವಾದ ೨೦೧೩ರಲ್ಲಿ ಬಂದಿರುವುದರಿಂದ ಕ್ಷೇತ್ರದ ಹೊರಗಿನ ಓದುಗರಿಗೂ ಈ ಕೃತಿ ಈಗ ನಿಲುಕುತ್ತದೆ.

ಗಿರೀಶ ಕಾಸರವಳ್ಳಿಯವರ ಚಲನಚಿತ್ರ ‘ದ್ವೀಪ’ (೨೦೦೨) ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆಯಿತು. ಅದು ಕಥನದ ಕೇಂದ್ರವನ್ನು ಹೆಂಡತಿಯಾದ ನಾಗಿಯ ಕಡೆಗೆ ಸರಿಸಿತು. ನೀರಿನ ಮಧ್ಯದಲ್ಲಿ ಮನೆಯನ್ನು ಉಳಿಸುವವಳು ಅವಳು. ಉಳಿದ ಮೇಲೆ ಅದರ ಶ್ರೇಯಸ್ಸು ದೈವಕ್ಕೆ ಹೋಗುತ್ತದೆ. ಈ ಬದಲಾವಣೆಯಿಂದ ಕಾಸರವಳ್ಳಿಯವರು ‘ಕೆರೆಗೆ ಹಾರ’ದ ಪರಂಪರೆಗೆ ಹತ್ತಿರವಾಗುತ್ತಾರೆ. ಸರ್ಕಾರ ಮನೆಯ ಯಜಮಾನನನ್ನು ಕೇಳಿಲ್ಲವೆಂಬುದು ಒಂದು ಅನ್ಯಾಯ. ಕೇಳಿದ್ದರೂ ಯಜಮಾನನನ್ನಷ್ಟೇ ಕೇಳುತ್ತಿತ್ತು, ಯಜಮಾನ ಮನೆಯಾಕೆಯನ್ನು ಕೇಳುತ್ತಿರಲಿಲ್ಲ ಎಂಬುದು ಅದರೊಳಗಿನ ಇನ್ನೊಂದು ಅನ್ಯಾಯ. ಭಾಗೀರಥಿ ಮತ್ತು ನಾಗಿ ಈ ಎರಡನೆಯ ಮೌನವನ್ನು ಬೆಳಕಿಗೆ ತರುತ್ತಾರೆ.

ಆದರೂ ಈ ಕೃತಿಗಳ ಒಂದು ಮಿತಿಯನ್ನು ಹೇಳಬೇಕು. ದ್ವೀಪವೆಂಬ ರೂಪಕ ತನ್ನೊಳಗೆ ಮುಚ್ಚಿಕೊಂಡ ಜಗತ್ತನ್ನು ಸೃಷ್ಟಿಸುತ್ತದೆ. ಅಲ್ಲಿ ಮಳೆ, ಕತ್ತಲೆ, ಗಂಡಹೆಂಡಿರ ನಡುವಣ ಬಿರುಕು, ಚಿತ್ರದಲ್ಲಿ ಪ್ರವೇಶಿಸುವ ಕೃಷ್ಣನ ಕುರಿತ ಸಂಶಯ ಇವು ಮುನ್ನೆಲೆಗೆ ಬಂದಂತೆ, ನೀರನ್ನು ನಿಲ್ಲಿಸಿದ ನಿರ್ಧಾರ ಹಿನ್ನೆಲೆಗೆ ಸರಿಯುತ್ತದೆ. ಅಣೆಕಟ್ಟಿನ ನೀರು ಪ್ರಕೃತಿಯ ನೆರೆಯಂತೆ ಕಾಣತೊಡಗುತ್ತದೆ. ನೆರೆಗೆ ಯಾರೂ ಹೊಣೆಯಲ್ಲ, ಜಲಾಶಯಕ್ಕೆ ಹೊಣೆಯುಂಟು. ಆ ಸೂಕ್ಷ್ಮ ವ್ಯತ್ಯಾಸ ಮಸುಕಾದಾಗ ಓದುಗನಿಗೆ ಕಣ್ಣೀರು ಬರುತ್ತದೆ, ಪ್ರಶ್ನೆ ಬರುವುದಿಲ್ಲ. ಕರುಣೆಯ ವಿಮರ್ಶೆ ಈ ಕೃತಿಗಳನ್ನು ಅಪ್ಪಿಕೊಂಡದ್ದಕ್ಕೆ ಕೃತಿಗಳಲ್ಲಿಯೇ ಇರುವ ಈ ಎಡೆಯೂ ಕಾರಣವೆನ್ನಬೇಕು.

೬

ಈ ಪ್ರಶ್ನೆಯನ್ನು ಜನರೇ ಎತ್ತಿಕೊಂಡ ಸಂದರ್ಭಗಳು ಘಟ್ಟದ ಇನ್ನೊಂದು ಬದಿಯಲ್ಲಿವೆ. ಉತ್ತರ ಕನ್ನಡದ ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಸಿದ್ಧವಾದಾಗ, ಶಿರಸಿಯ ಅಡಕೆ ಬೆಳೆಗಾರರ ಸಂಸ್ಥೆಯಾದ ತೋಟಗಾರ್ಸ್ ಸಹಕಾರಿ ಮಾರಾಟ ಸಂಘ ೧೯೮೧ರ ಜನವರಿಯಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ ವಿಚಾರಗೋಷ್ಠಿ ನಡೆಸಿತು. ಲಾಭವೆಷ್ಟು, ಮುಳುಗುವ ಕಾಡು ಮತ್ತು ತೋಟಗಳ ಬೆಲೆಯೆಷ್ಟು ಎಂಬ ಲೆಕ್ಕವನ್ನು ಮರಳಿ ಹಾಕಲಾಯಿತು. ಯೋಜನೆ ನಿಂತಿತು. ಇಲ್ಲಿ ಸರ್ಕಾರ ಜನರನ್ನು ಕೇಳಲಿಲ್ಲ, ಜನರೇ ಸರ್ಕಾರವನ್ನು ಕೇಳಿದರು. ಮತ್ತು ಉತ್ತರ ಇನ್ನೂ ಬದಲಾಗಬಹುದಾದ ಕಾಲದಲ್ಲಿ ಕೇಳಿದರು. ಆದರೆ ಕೇಳಿದವರು ತೋಟದ ಒಡೆಯರು, ಸಹಕಾರ ಸಂಘದ ಬಲವುಳ್ಳವರು, ಅಕ್ಷರಸ್ಥರು. ಶರಾವತಿಯ ಗೇಣಿದಾರರಿಗೆ ಆ ಬಲವಿರಲಿಲ್ಲ.

ಕೈಗಾ ಅಣುವಿದ್ಯುತ್ ಸ್ಥಾವರದ ಸಂದರ್ಭದಲ್ಲಿ ಪ್ರಶ್ನೆ ಮತಪೆಟ್ಟಿಗೆಗೆ ಹೋಯಿತು. ೧೯೮೯ರಲ್ಲಿ ೮೭ ವರ್ಷದ ಶಿವರಾಮ ಕಾರಂತರು ಕೆನರಾ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿದರು; ಸೋತರು. ೧೯೯೪ರ ಮೇ ತಿಂಗಳಲ್ಲಿ ನಿರ್ಮಾಣದ ಹಂತದಲ್ಲಿದ್ದ ಮೊದಲ ಘಟಕದ ಒಳಗುಮ್ಮಟದ ಭಾಗ ಕುಸಿದುಬಿತ್ತು. ೨೦೦೦ದ ಹೊತ್ತಿಗೆ ಮೊದಲ ಎರಡು ಘಟಕಗಳು ವಿದ್ಯುತ್ತು ನೀಡತೊಡಗಿದವು. ಒಂದು ಇಡೀ ಕ್ಷೇತ್ರದ ಚುನಾವಣೆಯಲ್ಲಿ ಒಂದು ಕಣಿವೆಯ ಉತ್ತರ ಹೇಗೆ ಕರಗಿಹೋಗಬಹುದು ಎಂಬುದಕ್ಕೆ ಕಾರಂತರ ಸೋಲು ಸಾಕ್ಷಿ. ಬಹುಮತದ ಎಣಿಕೆ ಮತ್ತು ಸ್ಥಳೀಯರ ಸಮ್ಮತಿ ಎರಡೂ ಒಂದೇ ಅಲ್ಲ.

ಕಾನೂನು ಈ ಅಂತರವನ್ನು ಭಾಗಶಃ ತುಂಬಲು ಯತ್ನಿಸಿತು. ಪರಿಸರ ಪರಿಣಾಮ ಅಧ್ಯಯನವನ್ನು ಕಡ್ಡಾಯಗೊಳಿಸಿದ ೧೯೯೪ರ ಅಧಿಸೂಚನೆಗೆ ೧೯೯೭ರಲ್ಲಿ ಸಾರ್ವಜನಿಕ ಆಲಿಕೆ ಸೇರಿತು. ೨೦೦೬ರ ಅಧಿಸೂಚನೆ ಅದಕ್ಕೆ ಇಂದಿನ ರೂಪ ಕೊಟ್ಟಿತು. ಮೂವತ್ತು ದಿನಗಳ ಮುನ್ಸೂಚನೆ, ಯೋಜನಾಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ ಸಭೆ, ಜಿಲ್ಲಾಡಳಿತದ ಅಧ್ಯಕ್ಷತೆ, ನಡವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳುವುದು ಇವೆಲ್ಲ ಅದರಲ್ಲಿವೆ. ಇವು ಸಣ್ಣ ಗಳಿಕೆಗಳಲ್ಲ. ೧೯೬೪ರ ಗಣಪಯ್ಯನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಆದರೆ ಈ ವಿಧಿಯನ್ನು ಒಂದು ಪಠ್ಯವಾಗಿ ಓದಿದಾಗ ಮೂರು ಸಂಗತಿಗಳು ಎದ್ದುಕಾಣುತ್ತವೆ. ಸಭೆ ಆರಂಭವಾಗಲು ಇಂತಿಷ್ಟು ಜನರಿರಬೇಕೆಂಬ ಕಟ್ಟಳೆಯಿಲ್ಲ. ಕರಡು ವರದಿ ಸಿದ್ಧವಾದ ಮೇಲೆ, ಅಂದರೆ ಸ್ಥಳ ಮತ್ತು ನಕ್ಷೆ ಗೊತ್ತಾದ ಮೇಲೆ ಜನರನ್ನು ಕರೆಯಲಾಗುತ್ತದೆ. ರಾಜ್ಯದ ಭಾಷೆಯಲ್ಲಿ ಕಡ್ಡಾಯವಾಗಿ ದೊರೆಯಬೇಕಾದುದು ವರದಿಯ ಸಾರಾಂಶ ಮಾತ್ರ. ೨೦೨೦ರಲ್ಲಿ ಇದೇ ಅಧಿಸೂಚನೆಯ ಹೊಸ ಕರಡು ಬಂದಾಗ, ಅದನ್ನು ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಜೂನ್ ೩೦ರಂದು ಆದೇಶಿಸಬೇಕಾಯಿತು. ಕೇಳುವ ಭಾಷೆಯೇ ಇಲ್ಲದಾಗ ಆಲಿಸುವುದಕ್ಕೆ ಅರ್ಥ ಎಲ್ಲಿಂದ ಬರಬೇಕು?

೨೦೧೩ರ ಭೂಸ್ವಾಧೀನ ಕಾಯಿದೆ ಇನ್ನೂ ಮುಂದೆ ಹೋಗಿ ‘ಸಮ್ಮತಿ’ ಎಂಬ ಪದವನ್ನೇ ತಂದಿತು. ಖಾಸಗಿ ಯೋಜನೆಗೆ ಬಾಧಿತ ಕುಟುಂಬಗಳ ಶೇಕಡ ೮೦ರಷ್ಟು, ಸರ್ಕಾರಿ–ಖಾಸಗಿ ಸಹಭಾಗಿತ್ವದ ಯೋಜನೆಗೆ ಶೇಕಡ ೭೦ರಷ್ಟು ಒಪ್ಪಿಗೆ ಬೇಕು. ಆದರೆ ಆ ಕಾಯಿದೆಯ ನಾಲ್ಕನೆಯ ಅನುಸೂಚಿ ೧೩ ಕಾನೂನುಗಳನ್ನು ಬೇರೆಯಾಗಿ ಇರಿಸುತ್ತದೆ. ಅಣುಶಕ್ತಿ, ವಿದ್ಯುಚ್ಛಕ್ತಿ, ಕಲ್ಲಿದ್ದಲು ಪ್ರದೇಶ, ಪೆಟ್ರೋಲಿಯಂ ಕೊಳವೆಮಾರ್ಗ, ದಾಮೋದರ ಕಣಿವೆ ಇವುಗಳ ಕಾನೂನುಗಳು ಆ ಪಟ್ಟಿಯಲ್ಲಿವೆ. ಶಕ್ತಿಯ ಹೆಸರಿನಲ್ಲಿ ತೆಗೆದುಕೊಳ್ಳುವ ನೆಲಕ್ಕೆ ಸಮ್ಮತಿಯ ಬಾಗಿಲು ಇಂದಿಗೂ ಕಿರಿದು. ಪಾವಗಡದ ೨,೦೫೦ ಮೆಗಾವಾಟ್ ಸೌರವಿದ್ಯುತ್ ಉದ್ಯಾನದಲ್ಲಿ ಬೇರೆ ದಾರಿ ಹಿಡಿಯಲಾಯಿತು. ಸುಮಾರು ೧೩,೦೦೦ ಎಕರೆ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ, ಎರಡು ವರ್ಷಗಳಿಗೊಮ್ಮೆ ಶೇಕಡ ೫ರಷ್ಟು ಏರುವ ಗುತ್ತಿಗೆಯ ಮೇಲೆ ಪಡೆಯಲಾಯಿತು. ಒಡೆತನ ರೈತನಲ್ಲಿಯೇ ಉಳಿಯಿತು, ಅವನ ಸಹಿ ಅಗತ್ಯವಾಯಿತು. ಇದು ಪ್ರಗತಿಯೇ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಸಹಿ ಹಾಕುವ ಜಾಗ ಆ ಪತ್ರದಲ್ಲಿಯೂ ಇಲ್ಲ.

೭

ಶರಾವತಿಯ ಹಿನ್ನೀರಿನ ಆಚೆ ಉಳಿದ ತುಮರಿ ಮೊದಲಾದ ಊರುಗಳ ಜನ ಆರು ದಶಕ ಲಾಂಚುಗಳನ್ನು ನಂಬಿ ಬದುಕಿದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಣ ಸೇತುವೆ ೨೦೨೫ರ ಜುಲೈ ೧೪ರಂದು ಉದ್ಘಾಟನೆಯಾಯಿತು. ಮುಳುಗಡೆಯವರಿಗಾಗಿ ಬಿಟ್ಟುಕೊಟ್ಟ ಅರಣ್ಯಭೂಮಿಯ ಅಧಿಸೂಚನೆಯನ್ನು, ೧೯೮೦ರ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಕೇಂದ್ರದ ಪೂರ್ವಾನುಮತಿ ಪಡೆದಿರಲಿಲ್ಲವೆಂಬ ಕಾರಣದಿಂದ, ರಾಜ್ಯದ ಉಚ್ಚ ನ್ಯಾಯಾಲಯ ೨೦೨೧ರಲ್ಲಿ ರದ್ದುಪಡಿಸಿತು. ಅಂಥ ಇತರ ಅಧಿಸೂಚನೆಗಳನ್ನು ಸರ್ಕಾರ ೨೦೨೨ರಲ್ಲಿ ಹಿಂತೆಗೆದುಕೊಂಡಿತು. ನಾಡಿಗಾಗಿ ನೆಲ ಬಿಟ್ಟವರ ಮೊಮ್ಮಕ್ಕಳು ಕಾಡಿನ ಒತ್ತುವರಿದಾರರೆಂಬ ಶಂಕೆಗೆ ಗುರಿಯಾದರು. ಇದೇ ಜನ ೨೦೨೫ರ ಸಭೆಗಳಲ್ಲಿ ಮತ್ತೆ ಅಹವಾಲು ಹೇಳಲು ನಿಂತರು. ಅವರ ವಿರೋಧವನ್ನು ಅಭಿವೃದ್ಧಿಯ ಅಜ್ಞಾನವೆಂದು ಬಗೆಯುವುದು ಸುಲಭ. ಆದರೆ ಅವರ ಮಾತಿನ ಹಿಂದೆ ಉತ್ತರ ಪಡೆಯದೆ ಉಳಿದ ಮೊದಲ ಪ್ರಶ್ನೆಯಿದೆ. ಅದನ್ನು ಬದಿಗಿಟ್ಟು ಎರಡನೆಯ ಪ್ರಶ್ನೆಯನ್ನು ಯಾರೂ ಪ್ರಾಮಾಣಿಕವಾಗಿ ಕೇಳಲಾರರು.

ವಿದ್ಯುತ್ತು ಬೇಡವೆಂಬುದು ನಮ್ಮ ವಾದವಲ್ಲ. ಸೂರ್ಯ ಮುಳುಗಿದ ಮೇಲೆ ಬೇಕಾಗುವ ವಿದ್ಯುತ್ತನ್ನು ಕೂಡಿಡುವ ವ್ಯವಸ್ಥೆ ಎಲ್ಲಿಯಾದರೂ ಬೇಕಾಗುತ್ತದೆ. ‘ಕೆರೆಗೆ ಹಾರ’ವೂ ಕೆರೆಯನ್ನು ಬೇಡವೆನ್ನಲಿಲ್ಲವೆಂಬುದನ್ನು ಮರೆಯಬಾರದು. ಆ ಹಾಡು ಮತ್ತು ಅದರ ಪರಂಪರೆಯ ಕೃತಿಗಳು ಕೇಳುವಿಕೆಗೆ ಮೂರು ಒರೆಗಲ್ಲುಗಳನ್ನು ಒದಗಿಸುತ್ತವೆ. ಬಾಧೆಗೊಳಗಾಗುವವರೆಲ್ಲರನ್ನೂ, ಖಾತೆಯಲ್ಲಿ ಹೆಸರಿಲ್ಲದವರನ್ನೂ ಮನೆಯ ಹೆಂಗಸರನ್ನೂ ಕೇಳಲಾಯಿತೆ? ನಿರ್ಧಾರ ಬದಲಾಗಬಹುದಾದ ಹೊತ್ತಿನಲ್ಲಿ ಕೇಳಲಾಯಿತೆ? ಅವರಿಗೆ ತಿಳಿಯುವ ಮಾತಿನಲ್ಲಿ, ಪೂರ್ಣ ಸಂಗತಿಯನ್ನು ಮುಂದಿಟ್ಟು ಕೇಳಲಾಯಿತೆ? ಈ ಮೂರರಲ್ಲಿ ಒಂದು ತಪ್ಪಿದರೂ ಉಳಿಯುವುದು ಗೆಳತಿಯ ಆಲಿಕೆ ಮಾತ್ರ.

ಮುಳುಗಡೆ ಸಾಹಿತ್ಯದ ಮುಂದಿನ ಅಧ್ಯಯನಗಳು ಈ ಒರೆಗಲ್ಲುಗಳನ್ನು ಹಿಡಿದು ನಡೆಯಬೇಕೆಂಬುದು ನಮ್ಮ ಸೂಚನೆ. ಸಾರ್ವಜನಿಕ ಆಲಿಕೆಗಳ ನಡವಳಿಗಳು ಕನ್ನಡದಲ್ಲಿ ದಾಖಲಾಗುತ್ತಿವೆ. ಅಲ್ಲಿ ರೈತರು, ಮೀನುಗಾರರು, ಹೆಂಗಸರು ಆಡಿದ ಮಾತುಗಳಿವೆ. ಶಾಸನಗಳ ಸಾಕ್ಷಿಪಟ್ಟಿಯನ್ನು ಓದುವ ಶ್ರದ್ಧೆಯಿಂದಲೇ ಆ ನಡವಳಿಗಳನ್ನು ಓದುವ ಕೆಲಸ ಕನ್ನಡ ವಿಭಾಗಗಳಿಗೆ ಸೇರಿದುದು. ಕೊಯ್ನಾ, ಮುಳಶಿಗಳ ಮರಾಠಿ ಸಾಮಗ್ರಿಯೊಂದಿಗೆ ಅವುಗಳನ್ನು ಹೋಲಿಸುವ ಅವಕಾಶ ಹೊರನಾಡಿನ ಸಂಶೋಧಕರಿಗೆ ನಮಗಿಂತ ಹೆಚ್ಚಾಗಿದೆ. ಆ ಕೆಲಸ ನಡೆದಾಗ ‘ಅಹವಾಲು’ ಎಂಬ ಪದ ಎರಡು ಭಾಷೆಗಳಲ್ಲಿ ಎರಡು ಅರ್ಥಗಳಾಗಿ ಏಕೆ ಒಡೆಯಿತೆಂಬುದೂ ಸ್ಪಷ್ಟವಾದೀತು.